ಅಟ್ಟಾರಿ ಗೇಟಿನ ಮುಂದೆ ಮುಳಬಾಗಿಲಿನ ಮೂವರು

ನಮ್ಮಪ್ಪನಿಗೆ ಪ್ರವಾಸ ಅಂದರೆ ತಿರುಪತಿ. ತಪ್ಪಿದರೆ ಕುರುಡುಮಲೆ ಗಣಪ. ಅಂಥವರು 2023ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ, 'ಆ ಪಾಕಿಸ್ತಾನದ ಗೇಟು ನೋಡ್ಕೊಂಡು ಬರೋಣೇನೋ?' ಅಂದರು. ಮುದ್ದೆ ಮುರಿಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

ಎಲ್ಲಕ್ಕೂ ಕಾರಣ ಟೊಮೆಟೊ. ಆ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ನಮ್ಮದು ಒಂದೇ ಎಕರೆ, ಅದರಲ್ಲೂ ಅರ್ಧ ತೋಟ ಎಲೆ ಮುದುಡಿ ಹಾಳಾಗಿತ್ತು. ಆದರೂ ಸಾಲ ತೀರಿ ಕೈಯಲ್ಲಿ ಸ್ವಲ್ಪ ಉಳಿಯಿತು. ಪಾಕಿಸ್ತಾನದ ಗೇಟೇ ಯಾಕೆ ಅಂದರೆ, ಹಿಂದೆಲ್ಲ ನಮ್ಮ ಕಡೆಯ ಟೊಮೆಟೊ ಅಲ್ಲಿಗೂ ಹೋಗುತ್ತಿತ್ತು. ಹರಾಜು ಮುಗಿದು 'ಈ ಲೋಡು ಪಾಕಿಸ್ತಾನಕ್ಕೆ' ಅಂತ ಮಂಡಿಯಲ್ಲಿ ಯಾರಾದರೂ ಅಂದರೆ ಸಾಕು, ಅಪ್ಪ ಆ ಲಾರಿಯನ್ನು ಸುಮ್ನೆ ಒಂದು ಸುತ್ತು ಹಾಕಿ ಬರುತ್ತಿದ್ದರು. 2019ರ ಫೆಬ್ರವರಿಯಲ್ಲಿ ಪುಲ್ವಾಮಾ ದಾಳಿ ಆದ ಮೇಲೆ ಕೋಲಾರದಿಂದ ಕಳಿಸುವುದು ನಿಂತಿತು. ಅದೇ ಆಗಸ್ಟ್‌ನಲ್ಲಿ ಎರಡು ದೇಶಗಳ ವ್ಯಾಪಾರವೇ ಬಂದ್ ಆಯಿತು.

ಮುಳಬಾಗಿಲು ಅಂದರೆ ಮೂಡಲ ಬಾಗಿಲು. ಮೂಡಲ ಬಾಗಿಲಿನ ನಾವು ಮೂವರು ಡಿಸೆಂಬರ್‌ನಲ್ಲಿ ಪಡುವಣ ಬಾಗಿಲು ನೋಡಲು ಹೊರಟೆವು. ದೆಹಲಿಯವರೆಗೆ ವಿಮಾನ, ಅಲ್ಲಿಂದ ರೈಲು. ಅಮೃತಸರದ ಚಳಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಪ್ಪ ಎರಡು ಸ್ವೆಟರಿನ ಮೇಲೆ ಕಂಬಳಿ ಹೊದ್ದಿದ್ದರು ಅಂದರೆ ಗೊತ್ತಾಗುತ್ತೆ ಅಲ್ವಾ? ಸ್ವರ್ಣಮಂದಿರದ ಲಂಗರಿನಲ್ಲಿ, ಅಂದರೆ ಅಲ್ಲಿನ ದಾಸೋಹದಲ್ಲಿ, ರೊಟ್ಟಿಯನ್ನು ಎರಡೂ ಕೈ ಚಾಚಿ ತಗೋಬೇಕು. ಅಮ್ಮನಿಗೆ ಅದು ಬಹಳ ಹಿಡಿಸಿತು.

ಅಲ್ಲಿಂದ ಗಡಿಗೆ ಸುಮಾರು 30 ಕಿಲೋಮೀಟರ್. ನಾವೆಲ್ಲ ವಾಘಾ ಅನ್ನುತ್ತೇವೆ, ಆದರೆ ವಾಘಾ ಇರುವುದು ಆ ಕಡೆ. ನಮ್ಮ ಕಡೆಯ ಊರು ಅಟ್ಟಾರಿ. ದಾರಿ ಹಳೆಯ ಗ್ರ್ಯಾಂಡ್ ಟ್ರಂಕ್ ರೋಡು. 1947ರಲ್ಲಿ ದೇಶ ಇಬ್ಭಾಗವಾದಾಗ ಬ್ರಿಟಿಷ್ ವಕೀಲ ರಾಡ್‌ಕ್ಲಿಫ್ ಎಳೆದ ಗೆರೆ ಇದೇ ರೋಡನ್ನು ಕೊಯ್ದುಕೊಂಡು ಹೋಯಿತು. ಎರಡೂ ಕಡೆ ಹಸಿರು ಗೋಧಿ. 'ಒಂದು ಟೊಮೆಟೊ ಗಿಡ ಇಲ್ವಲ್ಲೋ' ಅಂತ ಅಪ್ಪ ದಾರಿಯುದ್ದಕ್ಕೂ ಹುಡುಕಿದರು. ಹೆಂಗೋ ಆಟೋ ಡ್ರೈವರಿಗೆ 'ಟಮಾಟರ್, ಕೋಲಾರ್, ಪಾಕಿಸ್ತಾನ್' ಅಂತ ಮೂರೇ ಪದದಲ್ಲಿ ತಮ್ಮ ಕಥೆಯೆಲ್ಲ ಹೇಳಿ ಮುಗಿಸಿದರು. ಅವನು ತಲೆಯಾಡಿಸಿದ. ಅರ್ಥವಾಯಿತೋ ಇಲ್ಲವೋ.

ಒಳಗೆ ಬ್ಯಾಗ್ ಬಿಡುವುದಿಲ್ಲ ಅಂತ ನಮಗೆ ಗೊತ್ತಾಗಿದ್ದು ಚೆಕಿಂಗ್ ಹತ್ತಿರ ಹೋದ ಮೇಲೆ. ಅಮ್ಮನ ನಿಪ್ಪಟ್ಟಿನ ಚೀಲ ಹಿಡಿದು ನಾನು ವಾಪಸ್ ಓಡಿದೆ. ಒಂದು ಅಂಗಡಿಯವನು ಚೀಲ ಇಟ್ಟುಕೊಳ್ಳಲು ನೂರು ರೂಪಾಯಿ ಕೇಳಿದ. ನಿಪ್ಪಟ್ಟಿಗಿಂತ ಬಾಡಿಗೆಯೇ ಜಾಸ್ತಿ. ನಾನು ಓಡಿ ಬರುವಷ್ಟರಲ್ಲಿ ಯಾರೋ ಹುಡುಗ ಅಪ್ಪನ ಕೆನ್ನೆಗೆ ಮೂರು ಬಣ್ಣ ಬಳಿದು ಇಪ್ಪತ್ತು ರೂಪಾಯಿ ಇಸಿದುಕೊಂಡಿದ್ದ.

ಒಳಗೆ ಹೋದರೆ ಅದು ಗಡಿ ಅನ್ನಿಸುವುದೇ ಇಲ್ಲ, ಕ್ರಿಕೆಟ್ ಸ್ಟೇಡಿಯಂ. ರೋಡಿನ ಎರಡೂ ಬದಿ ಗ್ಯಾಲರಿ, ತುದಿಯಲ್ಲಿ ಗೇಟು, ಅದರಾಚೆ ಅವರ ಗೇಟು, ಅವರ ಜನ. ನಮ್ಮ ಕಡೆ 418 ಅಡಿಯ ಕಂಬದ ಮೇಲೆ ಬಾವುಟ. ಮೊದಲು 360 ಅಡಿಯದಿತ್ತು. ಅವರು 400 ಅಡಿಯ ಕಂಬ ನೆಟ್ಟರು, ಆಮೇಲೆ ನಮ್ಮದು ಇಷ್ಟಾಯಿತು. ಅಕ್ಕಪಕ್ಕದ ಮನೆಯವರು ಒಬ್ಬರನ್ನು ನೋಡಿ ಒಬ್ಬರು ಮಹಡಿ ಎತ್ತರಿಸುತ್ತಾರಲ್ಲ, ಹಾಗೆ.

ಗಡಿ ಕಾಯುವ ಬಿಎಸ್‌ಎಫ್‌ನವರೊಬ್ಬರು ಮೈಕ್ ಹಿಡಿದು ಜನರನ್ನು ಹುರಿದುಂಬಿಸುತ್ತಿದ್ದರು. ಹೆಂಗಸರು ಬಾವುಟ ಹಿಡಿದು ಗೇಟಿನವರೆಗೆ ಓಡಿ ಬರಬಹುದು ಅಂತ ಕರೆದರು. ಕಾಲೇಜು ಹುಡುಗಿಯರು ಸಾಲಾಗಿ ನಿಂತರು. ಪಕ್ಕಕ್ಕೆ ತಿರುಗಿದರೆ ಅಮ್ಮ ಇಲ್ಲ! ಐವತ್ತೆಂಟು ವರ್ಷ, ಮಂಡಿನೋವು, ಬಸ್ ಹತ್ತಲು ನನ್ನ ಭುಜ ಬೇಕು. ಅದೇ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾವುಟ ಎತ್ತಿ, ಪಾಕಿಸ್ತಾನದ ಕಡೆಗೆ ಓಡುತ್ತಿದ್ದಳು. ಅಪ್ಪ ಎದ್ದು ನಿಂತು, 'ಲೇ, ಅಲ್ಲೇ ನಿಂತ್ಕೊಳ್ಳೇ, ಗೇಟು ದಾಟಿಬಿಟ್ಟೀಯ!' ಅಂತ ಕೂಗಿದರು. ಆ ಗದ್ದಲದಲ್ಲಿ ಯಾರಿಗೆ ಕೇಳಿಸಬೇಕು. ವಾಪಸ್ ಬಂದವಳು ಏದುಸಿರು ಬಿಡುತ್ತಾ, 'ಅವರ ಕಡೆನೂ ಹೆಂಗಸರು ಕೂತವ್ರೆ' ಅಂದಳು. ಅಷ್ಟೇ ವರದಿ.

ಆಮೇಲೆ ಕವಾಯತು. 1959ರಿಂದ ಹೆಚ್ಚುಕಮ್ಮಿ ಪ್ರತಿ ಸಂಜೆ ನಡೆಯುತ್ತಾ ಬಂದಿರುವ ಆಚರಣೆ ಇದು. ಬೀಸಣಿಗೆಯಂಥ ಕೆಂಪು ತುರಾಯಿಯ ಪೇಟ ಕಟ್ಟಿದ ಜವಾನರು ದಾಪುಗಾಲು ಹಾಕಿ ಗೇಟಿನತ್ತ ಹೋಗುತ್ತಾರೆ. ಬೂಟು ಹಣೆ ಮುಟ್ಟುವ ಹಾಗೆ ಕಾಲು ಎತ್ತುತ್ತಾರೆ. ಆ ಕಡೆ ಕಪ್ಪು ಉಡುಪಿನ ಪಾಕಿಸ್ತಾನ್ ರೇಂಜರ್ಸ್. ಅವರದೂ ಅದೇ ಕಾಲು, ಅದೇ ಮೀಸೆ, ಅದೇ ಗುರಾಯಿಸುವ ಕಣ್ಣು. ಮೈಕಿನಲ್ಲಿ ಒಬ್ಬ ಉಸಿರು ಬಿಡದೆ 'ಓ...' ಅಂತ ಎಳೆದರೆ, ಆ ಕಡೆಯವನು ಅದಕ್ಕಿಂತ ಉದ್ದ ಎಳೆಯುತ್ತಾನೆ. ನನಗೆ ನಮ್ಮೂರಿನ ಪೌರಾಣಿಕ ನಾಟಕ ನೆನಪಾಯಿತು. ಭೀಮ ದುರ್ಯೋಧನರು ರಂಗದ ಮೇಲೆ ತೊಡೆ ತಟ್ಟಿ ಬೈದಾಡಿ, ಪರದೆ ಹಿಂದೆ ಒಂದೇ ಬೀಡಿ ಹಂಚಿಕೊಳ್ಳುವುದನ್ನು ನಾನು ನೋಡಿದ್ದೇನೆ. ಇಲ್ಲಿ ಬೀಡಿ ಇರಲಿಲ್ಲ. ಆದರೆ ಜೊತೆಯಲ್ಲಿ ತಾಲೀಮು ಮಾಡದೆ ಇಷ್ಟು ಸಮನಾಗಿ ಸಿಟ್ಟು ಮಾಡಿಕೊಳ್ಳುವುದು ಹೆಂಗೆ ಸಾಧ್ಯ?

ಸೂರ್ಯ ಮುಳುಗುವ ಹೊತ್ತಿಗೆ ಗೇಟು ತೆರೆಯಿತು. ಕಹಳೆ ಊದಿದರು. ಎರಡೂ ಬಾವುಟದ ಹಗ್ಗಗಳನ್ನು ಓರೆಯಾಗಿ ಎಳೆದು ಹಿಡಿದು, ಮೆಲ್ಲಗೆ ಇಳಿಸತೊಡಗಿದರು. ಅದುವರೆಗೆ ಕಿರುಚುತ್ತಿದ್ದ ಜನ ತಣ್ಣಗಾದರು. ಒಂದು ಬಾವುಟ ಇನ್ನೊಂದಕ್ಕಿಂತ ಬೇಗ ಇಳಿಯುವ ಹಾಗಿಲ್ಲ. ತಡವಾಗುವ ಹಾಗೂ ಇಲ್ಲ. ಅಪ್ಪ ಕಣ್ಣು ಕಿರಿದು ಮಾಡಿ ತಕ್ಕಡಿ ಮುಳ್ಳು ನೋಡುವ ಹಾಗೆ ನೋಡುತ್ತಿದ್ದರು. 'ಒಂದು ಗ್ರಾಂ ಹೆಚ್ಚುಕಮ್ಮಿ ಇಲ್ಲ ನೋಡೋ' ಅಂದರು. ಬಾವುಟ ಮಡಚಿದರು. ಇಬ್ಬರು ಚುಟುಕಾಗಿ ಕೈ ಕುಲುಕಿದರು. ಗೇಟು ಧಡಾರಂತ ಮುಚ್ಚಿತು.

ಜನ ಎದ್ದು ಹೊರಟರೂ ಅಪ್ಪ ಕೂತೇ ಇದ್ದರು. 'ಲಾರಿ ಇದೇ ಗೇಟಲ್ಲಿ ಹೋಗ್ತಿತ್ತಾ?' ಅಂದರು. ಸರಕಿಗೆ ಪಕ್ಕದಲ್ಲೇ ಬೇರೆ ದಾರಿ, ಬೇರೆ ಗೇಟು ಇದೆ, 2012ರಲ್ಲಿ ಕಟ್ಟಿದ್ದು ಅಂದೆ. ಅವರಿಗೆ ಸ್ವಲ್ಪ ನಿರಾಸೆ ಆದ ಹಾಗಿತ್ತು. 'ಹಂಗಾದ್ರೆ ಅದನ್ನಲ್ವಾ ನಾವು ನೋಡಬೇಕಿದ್ದು?'

2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದ ಮೇಲೆ ಆಚರಣೆಯನ್ನು ಮೊಟಕು ಮಾಡಿದರು. ಗೇಟು ತೆರೆಯುವುದಿಲ್ಲ, ಕೈ ಕುಲುಕುವುದಿಲ್ಲ. ಮೇ ತಿಂಗಳಲ್ಲಿ ಸ್ವಲ್ಪ ದಿನ ಜನರನ್ನೂ ಬಿಡಲಿಲ್ಲ, ಕೊನೆಯ ಹೊತ್ತಿಗೆ ಮತ್ತೆ ಬಿಟ್ಟರು. ಆಗಿನ ಒಂದು ವಿಡಿಯೋ ನನ್ನ ಮೊಬೈಲಿಗೆ ಬಂತು. ತೋಟದಲ್ಲಿ ಅಪ್ಪ ಹಣ್ಣು ಆರಿಸಿ ಬಾಕ್ಸಿಗೆ ತುಂಬುತ್ತಿದ್ದರು. ಕೈ ಮಣ್ಣಾಗಿತ್ತು, ಮೊಬೈಲ್ ಮುಟ್ಟಲಿಲ್ಲ.

'ಗೇಟು ಮುಚ್ಚೇ ಇತ್ತಾ?'

'ಮುಚ್ಚೇ ಇತ್ತಪ್ಪ.'

'ಬಾವುಟ?'

'ಇಳಿಸಿದ್ರು.'

'ಎರಡೂ ಒಟ್ಟಿಗೆ?'

'ಒಟ್ಟಿಗೆ.'

'ಹ್ಞೂಂ' ಅಂದು, ತುಂಬಿದ ಬಾಕ್ಸನ್ನು ನನ್ನ ಕಡೆ ತಳ್ಳಿದರು.