ಮೊದಲ ಮರದ ಹಡಗು: ನೂರು ತೋಪಿನಿಂದ ಎರಡು ಹುಟ್ಟಿಗೆ

ನಿನ್ನೆ ರಾತ್ರಿ ಹನ್ನೊಂದಕ್ಕೆ ನಾನು ಕಟ್ಟುತ್ತಿರುವ ಪುಟ್ಟ ಮಾದರಿ ದೋಣಿಯ ಗ್ಯಾರ್‌ಬೋರ್ಡ್ ಸೀಳಿತು. ಬಲಬದಿಯದು, ಮುಂದಿನ ತುದಿಯಿಂದ ಎರಡು ಬೆರಳು ಹಿಂದೆ. ದೋಣಿಯ ತಳಕ್ಕೆ ತಾಗಿ ಕೂರುವ ಮೊದಲ ಹಲಗೆಗೆ ಗ್ಯಾರ್‌ಬೋರ್ಡ್ ಅನ್ನುತ್ತಾರೆ. ಅದು ಸರಿ ಕೂತರೆ ಮೇಲಿನ ಹಲಗೆಗಳೆಲ್ಲ ಹೇಳಿದ ಮಾತು ಕೇಳುತ್ತವಂತೆ. ನನ್ನದು ಸದ್ಯಕ್ಕೆ ಬಟರ್ ಪೇಪರಿನ ಮೇಲೆ ಫೆವಿಕಾಲ್ ಹಚ್ಚಿಸಿಕೊಂಡು ಮಲಗಿದೆ.

ಅದು ಒಣಗುವ ತನಕ ಹಿಂದಿನ ಕಥೆ ಬರೆದುಬಿಡುತ್ತೇನೆ. ಈ ದೋಣಿ ಕಟ್ಟಲು ಶುರುಮಾಡಿ ಮೂರು ವಾರವಷ್ಟೇ ಆಯಿತು. ಯಾವುದನ್ನು ಕಟ್ಟುವುದೆಂದು ನಿರ್ಧರಿಸುವುದಕ್ಕೆ ಮೂರು ತಿಂಗಳು ಹಿಡಿದಿತ್ತು.

ಚಿಕ್ಕಂದಿನಲ್ಲಿ ಮಂಗಳೂರಿನ ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಸಾಮಾನು ತುಂಬಿಸಿಕೊಳ್ಳುವ ಮಂಜಿಗಳನ್ನು ನೋಡುತ್ತಾ ನಿಂತವನು ನಾನು. ಮರದ ಹಡಗಿನ ಹುಚ್ಚು ಅಲ್ಲಿಂದಲೇ. ಆಮೇಲೆ ಎಚ್‌ಎಂಎಸ್ ಟ್ರಿಂಕೊಮಲಿಯ ಬಗ್ಗೆ ಓದಿದೆ. 1817ರಲ್ಲಿ ಮುಂಬಯಿಯಲ್ಲಿ ವಾಡಿಯಾ ಮನೆತನದವರು ಮಲಬಾರ್ ತೇಗದಲ್ಲಿ ಕಟ್ಟಿ ನೀರಿಗಿಳಿಸಿದ ಯುದ್ಧನೌಕೆ ಅದು. ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ಇಷ್ಟು ಓದಿದವನಿಗೆ ಸಣ್ಣ ದೋಣಿ ಕಣ್ಣಿಗೆ ಬೀಳುತ್ತದೆಯೇ? ಬೇಕಾದರೆ ಮೂರು ಹಾಯಿಕಂಬದ ಹಡಗೇ ಬೇಕು! ಎಚ್‌ಎಂಎಸ್ ವಿಕ್ಟರಿ ಕಿಟ್‌ಗೆ ಇನ್ನೇನು ದುಡ್ಡು ಕಟ್ಟುವುದರಲ್ಲಿದ್ದೆ. ವಿಕ್ಟರಿ ಬ್ರಿಟನ್ನಿನ ಹಳೆಯ ಯುದ್ಧನೌಕೆ; ಕಿಟ್ ಅಂದರೆ ಅದರ ಮಾದರಿಯನ್ನು ಜೋಡಿಸಲು ಡಬ್ಬಿಯಲ್ಲಿ ಬರುವ ಬಿಡಿಭಾಗಗಳು.

ತಡೆದದ್ದು ಒಂದು ಲೆಕ್ಕ. ವಿಕ್ಟರಿಯ ಗನ್‌ಡೆಕ್ (ಫಿರಂಗಿ ಸಾಲಿರುವ ಅಂತಸ್ತು) ಉದ್ದ 186 ಅಡಿ. 1:72 ಅಳತೆಯಲ್ಲಿ, ಅಂದರೆ ನಿಜದ ಎಪ್ಪತ್ತೆರಡರಲ್ಲಿ ಒಂದು ಪಾಲಿಗೆ ಇಳಿಸಿದರೆ, ಅದೊಂದೇ ಸುಮಾರು 79 ಸೆಂಟಿಮೀಟರ್. ಮುಂದೆ ಚಾಚಿದ ಬೌಸ್ಪ್ರಿಟ್ ಕಂಬ, ಹಿಂದಿನ ಗ್ಯಾಲರಿ, ಮೇಲಿನ ಕಂಬ ಎಲ್ಲ ಸೇರಿದರೆ ನಮ್ಮ ಮನೆಯ ಯಾವ ಕಪಾಟಿನಲ್ಲೂ ಅದಕ್ಕೆ ಜಾಗವಿಲ್ಲ. ಜಾಗ ಹೇಗಾದರೂ ಮಾಡಬಹುದು ಅನ್ನಿ. ಆದರೆ 1805ರ ಟ್ರಫಾಲ್ಗರ್ ಯುದ್ಧದಲ್ಲಿ ಆ ಹಡಗಿನಲ್ಲಿದ್ದದ್ದು 104 ತೋಪು. ಮಾದರಿಯಲ್ಲಿ ಒಳಗಿನವಕ್ಕೆ ಬರೀ ನಳಿಗೆ ತೋರಿಸಿದರೆ ಸಾಕು, ತೆರೆದ ಡೆಕ್ಕಿನ ಮೇಲಿನವಕ್ಕೆ ಗಾಡಿ, ಹಗ್ಗ, ರಾಟೆ ಎಲ್ಲ ಕಟ್ಟಬೇಕು. ಒಂದು ತೋಪಿನ ಎರಡು ಪಕ್ಕಕ್ಕೆ ಎರಡೆರಡು ರಾಟೆ. ಇನ್ನು ಕಂಬ ಹತ್ತುವ ಹಗ್ಗದ ಮೆಟ್ಟಿಲಿಗೆ, ಅಂದರೆ ರ‍್ಯಾಟ್‌ಲೈನಿಗೆ, ಬನ್ನಿ. ಒಂದು ಬದಿಯಲ್ಲಿ ಎಂಟು ಹಗ್ಗ, ಇಪ್ಪತ್ತು ಮೆಟ್ಟಿಲು ಅಂದುಕೊಂಡರೂ 160 ಗಂಟು. ಅದೂ ಒಂದು ಕಂಬದ ಒಂದು ಬದಿಗೆ.

ಆ ಗಂಟು ಹಾಕುವುದು ಕಷ್ಟವೇನಲ್ಲ. ಹತ್ತು ನಿಮಿಷದಲ್ಲಿ ಕಲಿಯಬಹುದು. ಕಲಿತದ್ದನ್ನೇ ಸಾವಿರ ಸಲ ಮಾಡಬೇಕಲ್ಲ, ಅಲ್ಲಿ ಆಸೆ ಸಾಯುತ್ತದೆ. ಮೊದಲ ಹಡಗು ಅಟ್ಟ ಸೇರುವುದು ಹೆಚ್ಚಾಗಿ ಹೀಗೆ.

ಅಷ್ಟಾದ ಮೇಲೂ ಬುದ್ಧಿ ಬರಲಿಲ್ಲ. ಅರ್ಧ ಬೆಲೆಗೆ ಸಿಗುತ್ತದೆಂದು ಆನ್‌ಲೈನಿನಲ್ಲಿ ಯಾರೋ ಮಾರುತ್ತಿದ್ದ ಎರಡು ಕಂಬದ ಹಡಗನ್ನು ತರಿಸಿದೆ. ಡಬ್ಬಿಯ ಮೇಲಿನ ಚಿತ್ರ ಚೆಂದವಿತ್ತು. ಒಳಗೆ ಇದ್ದದ್ದು ಮಸುಕಾದ ಎರಡು ಹಾಳೆ ಸೂಚನೆ, ಸ್ಪಷ್ಟವಾಗಿ ಬೇರೆ ಯಾರದೋ ಕಿಟ್ಟಿನ ನಕಲು. ನಡುವಿನ ಪ್ಲೈವುಡ್ ಬೆನ್ನುಮೂಳೆಯನ್ನು ಕಿಟಕಿ ಗಾಜಿನ ಮೇಲೆ ಇಟ್ಟು ನೋಡಿದರೆ ಬಾಳೆಹಣ್ಣಿನಂತೆ ಬಾಗಿತ್ತು. ಬೆನ್ನುಮೂಳೆ ಡೊಂಕಾದರೆ ಅದಕ್ಕೆ ಸಿಕ್ಕಿಸುವ ಅಡ್ಡಗೋಡೆಗಳೂ, ಅವುಗಳ ಮೇಲೆ ಬರುವ ಹಲಗೆಗಳೂ ಡೊಂಕೇ. ಕಿಟ್ ಕೈಗೆ ಬಂದ ದಿನ ಮೊದಲು ನೋಡಬೇಕಾದ್ದು ಇದನ್ನು. ನನ್ನದು ವಾಪಸು ಹೋಗಲಿಲ್ಲ, ದುಡ್ಡೂ ಬರಲಿಲ್ಲ. ಅದರ ಮರದ ಪಟ್ಟಿಗಳು ಈಗ ಅಭ್ಯಾಸಕ್ಕೆ ಉಪಯೋಗವಾಗುತ್ತಿವೆ.

ಆಮೇಲೆ ಕೂತು ಸರಿಯಾಗಿ ಓದಿದೆ. ಸ್ಪೇನಿನ ಆಕ್ರೆ ಕಂಪನಿಯ ಪೋಲಾರಿಸ್ ಅನ್ನು ಹೊಸಬರಿಗೆಂದು ಹಲವರು ಹೇಳುತ್ತಾರೆ. ಹೆಜ್ಜೆ ಹೆಜ್ಜೆಗೂ ಫೋಟೊ, ಜೊತೆಗೆ ವೀಡಿಯೊ ಇದೆ. ಇದು ಎರಡು ಪದರದ ಹಲಗೆಯ ಬಗೆ: ಒಳಗೆ ದಪ್ಪ ಪಟ್ಟಿ, ಅದನ್ನು ಉಜ್ಜಿ ಸಮಮಾಡಿ ಮೇಲೆ ತೆಳು ಪಟ್ಟಿ. ಮೊದಲ ಪದರದಲ್ಲಿ ಮಾಡಿದ ತಪ್ಪು ಎರಡನೆಯದರ ಅಡಿ ಮುಚ್ಚಿಹೋಗುತ್ತದೆ. ಹೊಸಬರಿಗೆ ಅದು ದೊಡ್ಡ ಸಮಾಧಾನ.

ಮನಸ್ಸು ಹೆಚ್ಚು ಎಳೆದದ್ದು ಇಂಗ್ಲೆಂಡಿನ ವ್ಯಾನ್‌ಗಾರ್ಡ್ ಮಾಡೆಲ್ಸ್‌ನ ಲೇಡಿ ಇಸಾಬೆಲ್ಲಾ. ಸ್ಕಾಟ್ಲೆಂಡಿನ ಜುಲು ಎಂಬ ಜಾತಿಯ ಮೀನುಗಾರಿಕೆ ದೋಣಿ, 1:64. ಆಫ್ರಿಕದ ಜುಲು ಯುದ್ಧ ನಡೆದ 1879ರಲ್ಲಿ ಮೊದಲು ಕಟ್ಟಿದ್ದರಿಂದ ಆ ಹೆಸರು. ಮುಂಭಾಗ ನೆಟ್ಟಗೆ, ಹಿಂಭಾಗ ಓರೆ, ಕಂಬ ಎರಡೇ, ತೋಪು ಒಂದೂ ಇಲ್ಲ. ನೋಡಿದಷ್ಟೂ ನೋಡಬೇಕು ಅನ್ನಿಸುವ ಆಕಾರ. ಕಿಟ್ ಬೆಲೆಗೆ ಸಾಗಾಟ, ಕಸ್ಟಮ್ಸ್ ಸುಂಕ ಕೂಡಿಸಿದ ಮೇಲೆ ಪುಟ ಮುಚ್ಚಿದೆ. ಎರಡನೇ ಹಡಗು ಅದೇ, ಈಗಲೇ ಹೇಳಿರುತ್ತೇನೆ.

ಕೊನೆಗೆ ತರಿಸಿದ್ದು ಅಮೆರಿಕದ ಮಾಡೆಲ್ ಶಿಪ್‌ವೇಸ್‌ನ ಲೋವೆಲ್ ಗ್ರ್ಯಾಂಡ್ ಬ್ಯಾಂಕ್ಸ್ ಡೋರಿ. ಡೋರಿ ಅಂದರೆ ಚಪ್ಪಟೆ ತಳದ, ಹುಟ್ಟು ಹಾಕುವ ಸಣ್ಣ ದೋಣಿ. ಡೇವಿಡ್ ಆಂಟ್ಷರ್ಲ್ ಹೊಸಬರಿಗಾಗಿ ರೂಪಿಸಿದ ಮೂರು ಕಿಟ್‌ಗಳಲ್ಲಿ ಮೊದಲನೆಯದು. ಎರಡನೆಯದು ಹಾಯಿ ಇರುವ ನಾರ್ವೆಯ ಪ್ರಾಮ್ ಎಂಬ ಪುಟ್ಟ ದೋಣಿ. ಮೂರನೆಯದು ಅಮೆರಿಕದ ಮಸ್ಕೊಂಗಸ್ ಕೊಲ್ಲಿಯ ಸಿಗಡಿ ದೋಣಿ. ಸಿಗಡಿ ಅಂದರೆ ನಮ್ಮ ಎಟ್ಟಿ ಅಲ್ಲ, ಲಾಬ್‌ಸ್ಟರ್. ಒಂದೊಂದರಲ್ಲೂ ಕಲಿಯುವುದು ಒಂದೊಂದು ಮೆಟ್ಟಿಲು ಹೆಚ್ಚು. ಈ ಜೋಡಣೆಯೇ ನನಗೆ ಹಿಡಿಸಿದ್ದು.

ಡೋರಿಯಲ್ಲಿ ಹಾಯಿಯಿಲ್ಲ, ತೋಪಿಲ್ಲ, ಇರುವುದು ಹುಟ್ಟುಗಳು. ಆದರೆ ಅದರ ಹಿಂದಿನ ಬದುಕು ಸಣ್ಣದಲ್ಲ. ಮೆಸಾಚುಸೆಟ್ಸ್‌ನ ಏಮ್ಸ್‌ಬರಿಯಲ್ಲಿ ಲೋವೆಲ್ ಮನೆತನ 1793ರಲ್ಲಿ ಆರಂಭಿಸಿದ ದೋಣಿಯಂಗಡಿಯ ಹೆಸರೇ ಕಿಟ್ಟಿಗೂ ಬಂದಿದೆ. ನ್ಯೂಫೌಂಡ್‌ಲೆಂಡ್ ಬಳಿಯ ಗ್ರ್ಯಾಂಡ್ ಬ್ಯಾಂಕ್ಸ್‌ಗೆ ಕಾಡ್ ಮೀನು ಹಿಡಿಯಲು ಹೋಗುವ ಸ್ಕೂನರ್ ಎಂಬ ಹಾಯಿಹಡಗುಗಳು ಇಂಥ ದೋಣಿಗಳನ್ನು ಡೆಕ್ಕಿನ ಮೇಲೆ ಹೊತ್ತೊಯ್ಯುತ್ತಿದ್ದವು. ಕೂರುವ ಅಡ್ಡಹಲಗೆ ತೆಗೆದರೆ ಡೋರಿಗಳು ಇಡ್ಲಿ ತಟ್ಟೆಯಂತೆ ಒಂದರೊಳಗೊಂದು ಕೂರುತ್ತವೆ. ಅಲ್ಲಿ ತಲುಪಿದ ಮೇಲೆ ಒಬ್ಬರೋ ಇಬ್ಬರೋ ಒಂದೊಂದನ್ನು ಇಳಿಸಿಕೊಂಡು ನಡುಗಡಲಿನಲ್ಲಿ ಗಾಳ ಹಾಕುತ್ತಿದ್ದರು.

ಈ ಕಿಟ್ಟಿನ 1:24 ಅಳತೆಯ ಸುಖ ಬೇರೆ. ಆರಡಿ ಆಳು ಇಲ್ಲಿ ಮೂರಿಂಚು. ವಿಕ್ಟರಿಯಲ್ಲಾದರೆ ಒಂದೇ ಇಂಚು. ಕನ್ನಡಕ ಹಾಕಿಕೊಂಡರೆ ಕೆಲಸ ನಡೆಯುತ್ತದೆ, ಭೂತಗನ್ನಡಿ ಬೇಡ.

ಮೊದಲ ವಾರ ತಳ ಮತ್ತು ಪಕ್ಕೆಲುಬು ಮುಗಿಯಿತು. ಲೇಸರಿನಲ್ಲಿ ಕತ್ತರಿಸಿದ ಬಾಸ್‌ವುಡ್ಡಿನ ಅಂಚು ಸುಟ್ಟು ಕಪ್ಪಾಗಿರುತ್ತದೆ, ಉಪ್ಪುಕಾಗದದಲ್ಲಿ ತೆಗೆಯಬೇಕು. ಹಾಗೆಂದು ಎಲ್ಲವನ್ನೂ ಮೊದಲೇ ತೆಗೆಯಬೇಡಿ. ಪಕ್ಕೆಲುಬಿನ ಹೊರ ಅಂಚನ್ನು ಹಲಗೆಯ ಓರೆಗೆ ತಕ್ಕಂತೆ ಉಜ್ಜುವಾಗ ಆ ಕಪ್ಪೇ ಗುರುತು. ಎಲ್ಲಿ ಕಪ್ಪು ಉಳಿದಿದೆಯೋ ಅಲ್ಲಿಗೆ ಕಾಗದ ಇನ್ನೂ ತಾಗಿಲ್ಲ.

ಎರಡನೇ ವಾರ ಮಳೆ. ಬೆಳಿಗ್ಗೆ ನೆಟ್ಟಗಿದ್ದ ಹಲಗೆ ಸಂಜೆಗೆ ತಿರುಚಿಕೊಂಡಿತ್ತು. ಅಂಟು ಒಣಗುವುದಕ್ಕೆ ಬೇರೆ ಕಡೆಯವರು ಹೇಳುವ ಹೊತ್ತಿನ ಎರಡರಷ್ಟು ಕಾದೆ. ಹಲಗೆಗಳನ್ನು ಅಕ್ಕಿ ಡಬ್ಬಿಯಲ್ಲಿಟ್ಟದ್ದಕ್ಕೆ ಮನೆಯಲ್ಲಿ ಸಿಕ್ಕ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಮೂರನೇ ವಾರ ಗ್ಯಾರ್‌ಬೋರ್ಡ್. ಎಡಗಡೆಯದನ್ನು ನೆನೆಸಿ ಬಗ್ಗಿಸಿದೆ, ಕೂತಿತು. ಆ ಧೈರ್ಯದಲ್ಲಿ ಬಲಗಡೆಯದನ್ನು ಒಣಗಿದ್ದಂತೆಯೇ ಕ್ಲಿಪ್ ಹಾಕಿ ಎಳೆದೆ. ಇವತ್ತು ಕಪಾಟಿನ ಬಾಗಿಲು ಸರಿಮಾಡಲು ಬಂದ ಆಚಾರ್ರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಎಳೆಯ ಉದ್ದಕ್ಕೇ ಹೋಗಿದೆ. ಸೀಳದೆ ಇನ್ನೇನು ಮಾಡ್ತದೆ ಮಾರಾಯ್ರೆ? ನೀರು ಕುಡಿಸಿ, ಬಿಸಿ ತೋರ್ಸಿ, ಕಟ್ಟಿಹಾಕಿ. ಪೂರ್ತಿ ಒಣಗಿದ ಮೇಲೆ ಗಮ್ಮು.”

ಕೊನೆಯ ಮಾತು ಮುಖ್ಯ. ಒದ್ದೆ ಹಲಗೆಯನ್ನು ಅಂಟಿಸಿದರೆ ಅದು ಒಣಗುತ್ತಾ ಕುಗ್ಗಿ ಸಂದು ಬಿಡುತ್ತದೆ. ನಾಳೆ ಹೇರ್ ಡ್ರೈಯರಿನ ಬಿಸಿಯಲ್ಲಿ ಬಗ್ಗಿಸಿ, ದೋಣಿಗೇ ಕಟ್ಟಿ, ಒಂದು ದಿನ ಹಾಗೇ ಬಿಡುತ್ತೇನೆ. ಸೀಳು ಎಳೆಯ ಉದ್ದಕ್ಕೇ ಇರುವುದರಿಂದ ಬೆಸುಗೆ ಗಟ್ಟಿಯಾಗುತ್ತದೆ, ಮೇಲೆ ಬಣ್ಣ ಬರುವುದರಿಂದ ಕಾಣುವುದೂ ಇಲ್ಲ. ಮತ್ತೆ ಮುರಿದರೂ ದಾರಿಯಿದೆ. ಹಲಗೆ ಬಿಡಿಸಿಕೊಂಡ ಮರದ ಹಾಳೆಯನ್ನು ಎಸೆದಿಲ್ಲ. ಅದರಲ್ಲಿ ಉಳಿದ ತೂತೇ ಅಚ್ಚು. ಅದರೊಳಗೆ ಪೆನ್ಸಿಲ್ ಆಡಿಸಿ ಹೊಸ ಹಲಗೆ ಗುರುತು ಮಾಡಿಕೊಳ್ಳಬಹುದು.

ಈಗ ಮುಟ್ಟಿ ನೋಡಿದೆ. ಇನ್ನೂ ಅಂಟಂಟು.