ಕಣ್ಣಿನ ಕ್ಯಾಂಪ್ ಲೆಕ್ಕ: ನವೆಂಬರ್‌ನಿಂದ ಏಪ್ರಿಲ್‌ವರೆಗೆ

ನವೆಂಬರ್, ಎರಡನೇ ವಾರ

ಭಾನುವಾರ ಆಲ್ದೂರು ಕಡೆಯ ಒಂದು ಶಾಲೆಯಲ್ಲಿ ನಮ್ಮ ಕ್ಲಬ್‌ನ ಕಣ್ಣಿನ ತಪಾಸಣೆ ಆಯಿತು. 112 ಜನ ಬಂದರು. ಬೆಳಿಗ್ಗೆ ಎಂಟಕ್ಕೇ ಜಗಲಿ ತುಂಬಿತ್ತು. ಸ್ವೆಟರ್ ಹಾಕಿ, ತಲೆಗೆ ಟವೆಲ್ ಸುತ್ತಿಕೊಂಡು ಬಂದ ಅಜ್ಜ ಅಜ್ಜಿಯರೇ ಜಾಸ್ತಿ. ಆರು ಮೀಟರ್ ಅಳೆದು ಗೋಡೆಗೆ ಚಾರ್ಟ್ ತೂಗುಹಾಕಿದೆವು. ಓದು ಬಾರದವರಿಗೆ ಬೇರೆ ಚಾರ್ಟ್ ಇರುತ್ತದೆ, ಮೂರು ಕಡ್ಡಿ ಯಾವ ಕಡೆ ಚಾಚಿವೆ ಅಂತ ಕೈಯಲ್ಲಿ ತೋರಿಸಿದರೆ ಸಾಕು. ನಲವತ್ತು ದಾಟಿದ ಎಷ್ಟೋ ಜನಕ್ಕೆ ಬೇಕಿದ್ದದ್ದು ಹತ್ತಿರದ್ದು ಕಾಣುವ ಕನ್ನಡಕ, ಅಷ್ಟೇ. ಅದನ್ನು ಅಲ್ಲೇ ಕೊಟ್ಟೆವು. 23 ಜನಕ್ಕೆ ಪೊರೆ ಬಂದಿತ್ತು, ಆಪರೇಷನ್ ಆಗಲೇಬೇಕು ಅಂದರು ಡಾಕ್ಟರು.

ಸಾಲಲ್ಲಿ ನಿಂತಿದ್ದ ಅಜ್ಜ ಒಬ್ಬರು, 'ನಮ್ಮಪ್ಪಂಗೆ ಮೋದಿ ಡಾಕ್ಟ್ರೇ ಮಾಡಿದ್ದು' ಅಂತ ಹೆಮ್ಮೆಯಿಂದ ಹೇಳಿದರು. ಅಜ್ಜ ಹೇಳಿದ್ದು ಬೀಳಗಿಯ ಕಣ್ಣಿನ ಡಾಕ್ಟರು ಡಾ. ಎಂ.ಸಿ. ಮೋದಿ ಅವರ ಬಗ್ಗೆ. ಊರೂರು ಸುತ್ತಿ ಕ್ಯಾಂಪ್ ಮಾಡಿ ಸಾವಿರಾರು ಜನರ ಪೊರೆ ತೆಗೆದವರು, 1968ರಲ್ಲಿ ಪದ್ಮಭೂಷಣ ಬಂದಿತ್ತು. ಆ ಕಾಲದಲ್ಲಿ ಪೊರೆ ತೆಗೆಸಿದ ಮೇಲೆ ಸೋಡಾ ಬಾಟ್ಲಿ ಗಾಜಿನಂಥ ದಪ್ಪ ಕನ್ನಡಕವೇ ಗತಿ. ಈಗ ಚಿಕ್ಕದಾಗಿ ಕೊಯ್ದು ಪೊರೆ ತೆಗೆದು ಅಲ್ಲೇ ಲೆನ್ಸ್ ಕೂರಿಸುತ್ತಾರೆ, ಹೆಚ್ಚಿನವರಿಗೆ ಹೊಲಿಗೆಯೂ ಬೇಡ. ಅಜ್ಜನಿಗೆ ಇದನ್ನೆಲ್ಲ ಹೇಳಿದೆ. 'ಇಲ್ಲೇ ಮಾಡಲ್ವಾ?' ಅಂದರು. ಶಾಲೆಯಲ್ಲೆಲ್ಲ ಈಗ ಮಾಡುವ ಹಾಗಿಲ್ಲ, ಆಸ್ಪತ್ರೆ ಥಿಯೇಟರ್‌ನಲ್ಲೇ ಆಗಬೇಕು. ಬುಧವಾರಕ್ಕೆ ಬಸ್ ಗೊತ್ತು ಮಾಡಿದ್ದೇವೆ.

ಅದೇ ಬುಧವಾರ, ರಾತ್ರಿ

23 ಜನರಲ್ಲಿ ಬಸ್ ಹತ್ತಿದ್ದು 9 ಜನ. ಒಂದೂವರೆ ಗಂಟೆ ಕಾದೆವು.

ಚಿಕ್ಕಮಗಳೂರಿಗೆ ವಾಪಸ್ ಬರುವಾಗ ಖಾಲಿ ಸೀಟು ನೋಡಿ ತುಂಬಾ ಬೇಜಾರಾಯಿತು. ಪಟ್ಟಿ ತೆಗೆದು ನೋಡಿದರೆ ಅರ್ಧಕ್ಕರ್ಧ ಹೆಸರಿಗೆ ಫೋನ್ ನಂಬರ್ ಇಲ್ಲ, ಕೆಲವರ ವಿಳಾಸ ಅಂತ ಬರೀ ತೋಟದ ಹೆಸರು ಬರೆದಿದ್ದೇವೆ. ಇದು ನಮ್ಮ ತಪ್ಪೇ. ವರದಿಗೆ 112 ಅಂತ ಬರೆದು ಬ್ಯಾನರ್ ಮುಂದೆ ನಿಂತ ಫೋಟೊ ಕಳಿಸಿದರೆ ಎಲ್ಲರೂ ಭೇಷ್ ಅನ್ನುತ್ತಾರೆ, ಆದರೆ ನನಗೆ ಈಗ ತಲೆಯಲ್ಲಿ ಉಳಿದಿರುವುದು ಬಸ್ಸಿಗೆ ಬಾರದೇ ಹೋದ 14 ಜನರ ಸಂಖ್ಯೆ ಮಾತ್ರ. ಇನ್ನು ಮೇಲೆ ಈ ಲಾಗ್‌ನಲ್ಲಿ ಅದನ್ನೇ ಬರೆಯುತ್ತೇನೆ.

ಡಿಸೆಂಬರ್, ಮೂರು ಭಾನುವಾರ

ನಾನು, ಖಜಾಂಚಿ ಅಣ್ಣ, ರಿಟೈರ್ಡ್ ಟೀಚರಮ್ಮ, ಮೂವರೇ ಹೊರಟೆವು. ಮೂರು ಭಾನುವಾರದಲ್ಲಿ 14 ಮನೆಯನ್ನೂ ಹುಡುಕಿದೆವು. ಜೀಪ್ ಹೋಗದ ಕಡೆ ನಡೆದೆವು. ಯಾಕೆ ಬರಲಿಲ್ಲ ಅಂತ ಕೇಳಿದರೆ ಯಾರೂ ಸೋಮಾರಿತನದ ಮಾತು ಆಡಲಿಲ್ಲ. ಅರೇಬಿಕಾ ಕುಯ್ಲು ಶುರುವಾಗಿದೆ, ಕುಯ್ದಷ್ಟು ಕೆಜಿಗೆ ದುಡ್ಡು, ಮನೆಯವರೆಲ್ಲ ತೋಟದಲ್ಲಿ. ಆಪರೇಷನ್ ಆದವರ ಜೊತೆ ಕೂರಲು ಒಬ್ಬರು ಕೆಲಸ ಬಿಡಬೇಕು. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಗಂಜಿ ಯಾರು ಬೇಯಿಸುತ್ತಾರೆ? ನಾವು ಬಸ್, ಊಟ, ಲೆನ್ಸ್ ಎಲ್ಲ ಉಚಿತ ಅಂದೆವು. ಅವರಿಗೆ ಅದು ಉಚಿತ ಆಗಿರಲಿಲ್ಲ.

ತೋಟದ ಕೆಲಸದವರ ಒಂದು ಲೈನ್ ಮನೆಯ ಬಾಗಿಲಲ್ಲಿ ಅಜ್ಜಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಾ ಕೂತಿದ್ದರು. ಕಣ್ಣು ಬೇರೆಲ್ಲೋ ಇತ್ತು. ಒಂದೊಂದೇ ಹಿಡಿ ಅಕ್ಕಿಯನ್ನು ಮೊರದ ಮೇಲೆ ತೆಳ್ಳಗೆ ಹರಡಿ, ಹೆಬ್ಬೆರಳಲ್ಲಿ ಸವರುತ್ತಾ ಹೋಗಿ, ಕಲ್ಲು ಸಿಕ್ಕ ಕೂಡಲೇ ಉಗುರಲ್ಲಿ ಚಿಮ್ಮಿ ಆಚೆ ಹಾಕುತ್ತಿದ್ದರು. ಟೀಚರಮ್ಮ ಪಕ್ಕದಲ್ಲೇ ಕೂತು, 'ಯಾಕಜ್ಜಿ ಬಸ್ಸಿಗೆ ಬರಲಿಲ್ಲ?' ಅಂತ ಕೇಳಿದರು. 'ಪೊರೆ ಇನ್ನೂ ಬಲೀಬೇಕು ಮಗಾ. ಹಣ್ಣಾದ್ಮೇಲೆ ತೆಗೆಸ್ತೀನಿ.'

ಈ ಬಲಿಯುವ ಮಾತು ಐದಾರು ಮನೆಯಲ್ಲಿ ಕೇಳಿದೆವು. ಅದು ಸುಮ್ನೆ ಹುಟ್ಟಿದ ನಂಬಿಕೆ ಅಲ್ಲ. ಹಿಂದೆ ಡಾಕ್ಟರುಗಳೇ ಬಲಿಯಲಿ ಅನ್ನುತ್ತಿದ್ದರು, ಆಗಿನ ಆಪರೇಷನ್ನೇ ಹಾಗಿತ್ತು. ಈಗ ಕಾಯಬೇಕಿಲ್ಲ. ಅತಿಯಾಗಿ ಬಲಿತರೆ ಕಣ್ಣೊಳಗೆ ಒತ್ತಡ ಏರಿ, ನೋವು ಬಂದು, ದೃಷ್ಟಿಯೇ ವಾಪಸ್ ಬಾರದಂತೆ ಆಗಬಹುದು. ಇನ್ನೊಂದು ಮನೆಯಲ್ಲಿ, 'ಯಾರ ಕಣ್ಣು ಹಾಕ್ತೀರಿ? ಅಪ್ಪು ಕಣ್ಣು ನಾಲ್ಕು ಜನಕ್ಕೆ ಹಾಕಿದ್ರಲ್ಲ, ಹಂಗೇನಾ?' ಅಂತ ಕೇಳಿದರು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣು ದಾನ ಆದ ಸುದ್ದಿ ಅಷ್ಟು ಒಳಗಿನ ತೋಟದವರೆಗೂ ಮುಟ್ಟಿದೆ, ಅದು ಸಂತೋಷವೇ. ಆದರೆ ಆ ದಾನ ಕಪ್ಪುಗುಡ್ಡೆ, ಅಂದರೆ ಕಾರ್ನಿಯಾ, ಕೆಟ್ಟವರಿಗೆ. ಪೊರೆಗೆ ಯಾರ ಕಣ್ಣೂ ಬೇಡ. ಇದನ್ನು ಕ್ಯಾಂಪ್ ದಿನ ಮೈಕ್‌ನಲ್ಲಿ ಹೇಳಿದ್ದೆವು. ಮನೆ ಜಗಲಿಯಲ್ಲಿ ಕೂತು ಹೇಳಿದಾಗಲೇ ಅವರು ತಲೆಯಾಡಿಸಿದ್ದು.

ಜನವರಿ 12

ವಿವೇಕಾನಂದ ಜಯಂತಿಗೆ ಕಾಲೇಜಿನಲ್ಲಿ ರಕ್ತದಾನ. ಚೆನ್ನಾಗಿ ನಡೆಯಿತು. ಹಿಮೋಗ್ಲೋಬಿನ್ 12.5 ಇಲ್ಲ ಅಂತ ವಾಪಸ್ ಹೋದ ಹುಡುಗಿಯರೇ ಜಾಸ್ತಿ, ಮುಖ ಸಪ್ಪೆ ಮಾಡಿಕೊಂಡು ಹೋದರು. ಅವರಿಗೇ ಒಂದು ಬೇರೆ ಕಾರ್ಯಕ್ರಮ ಬೇಕು ಅಂತ ಗುರುತು ಹಾಕಿಕೊಂಡಿದ್ದೇನೆ.

ಜನವರಿ, ಸಂಕ್ರಾಂತಿ ಆದ ಭಾನುವಾರ

ಸದಸ್ಯರೊಬ್ಬರ ಕಾಫಿ ಕಣದಲ್ಲಿ ಫ್ಯಾಮಿಲಿ ಮೀಟ್. ಒಂದು ಮೂಲೆಯಲ್ಲಿ ಕಾಫಿ ಒಣಗುತ್ತಿತ್ತು, ಉಳಿದ ಕಡೆ ಜಮಖಾನ ಹಾಸಿದ್ದೆವು. ಎಳ್ಳುಬೆಲ್ಲ, ಅಕ್ಕಿರೊಟ್ಟಿ, ಕಡುಬು, ಅವರೆಕಾಳು ಸಾರು. ಮಕ್ಕಳಿಗೆ ಗೋಣಿಚೀಲದ ಓಟ. ಊಟ ಆದ ಮೇಲೆ ತಂಬೋಲ, ಅದರ ದುಡ್ಡು ಪ್ರಾಜೆಕ್ಟ್‌ಗೆ ಅಂತ ಮೊದಲೇ ಹೇಳಿದ್ದರಿಂದ ಎರಡೆರಡು ಟಿಕೆಟ್ ತಗೊಂಡವರೇ ಜಾಸ್ತಿ.

ಈ ಮೀಟ್‌ಗಳಿಗೆ ಖರ್ಚು ಯಾಕೆ, ಆ ದುಡ್ಡನ್ನೂ ಸೇವೆಗೇ ಹಾಕಬಾರದಾ ಅಂತ ಪ್ರತಿ ವರ್ಷ ಒಂದು ಮಾತು ಬರುತ್ತದೆ. ನಾನೂ ಹಾಗೆ ಅಂದುಕೊಂಡಿದ್ದವನು. ಈ ಸಲ ಏನಾಯಿತು ಅಂದರೆ, ರೊಟ್ಟಿ ತಟ್ಟುತ್ತಿದ್ದ ಹೆಂಗಸರ ಮಧ್ಯೆ ಟೀಚರಮ್ಮ ಆ ಅಜ್ಜಿಯ ಮೊರದ ಕತೆ ಹೇಳಿದರು. ಕೇಳಿಸಿಕೊಂಡ ಬೇಕರಿ ಅಣ್ಣನ ಮನೆಯವರು, 'ಜೊತೆಗೆ ಕೂರೋಕೆ ಜನ ಇಲ್ಲ ಅನ್ನೋದೇ ತೊಂದರೆ ಆದ್ರೆ ನಾವೇ ಕೂರ್ತೀವಿ, ಅದಕ್ಕೇನಂತೆ' ಅಂದುಬಿಟ್ಟರು. ಸಾರು ಕುದಿಯುವಷ್ಟರಲ್ಲಿ ಒಬ್ಬೊಬ್ಬ ರೋಗಿಗೆ ಒಂದೊಂದು ಮನೆ ಅಂತ ಹಂಚಿಕೆ ಆಯಿತು. ಆಸ್ಪತ್ರೆಯಲ್ಲಿ ರಾತ್ರಿ ಜೊತೆಗಿರುವುದು, ವಾಪಸ್ ಬಿಡುವುದು, ಆರು ವಾರ ಫೋನ್ ಮಾಡುವುದು, ಎಲ್ಲ ಆ ಮನೆಯವರದ್ದು. ನಾವು ತಿಂಗಳ ಮೀಟಿಂಗ್‌ನಲ್ಲಿ ಎರಡು ಸಲ ಚರ್ಚೆ ಮಾಡಿದರೂ ಇದು ಹೊಳೆದಿರಲಿಲ್ಲ, ಮೀಟಿಂಗ್‌ಗೆ ಬರುವವರು ನಾವು ಗಂಡಸರೇ ಜಾಸ್ತಿ, ಅಡುಗೆ, ಮಗು, ಬಾಣಂತಿ ಅಂತ ಮನೆಯ ಲೆಕ್ಕ ನಮ್ಮ ತಲೆಗೆ ಬರುವುದೇ ಇಲ್ಲ.

ಇನ್ನೆರಡು ತೀರ್ಮಾನವೂ ಅಲ್ಲೇ ಆದವು. ರೋಬಸ್ಟಾ ಕುಯ್ಲು ಮುಗಿಯುವವರೆಗೆ ಬಸ್ ಕಳಿಸುವುದಿಲ್ಲ. ಮತ್ತೆ ಕ್ಯಾಂಪ್‌ಗೆ ವೇದಿಕೆ, ಹಾರ, ಶಾಲು ಬೇಡ, ಆ ದುಡ್ಡು ಕಪ್ಪು ಕನ್ನಡಕಕ್ಕೆ ಮತ್ತು ಡ್ರಾಪ್ಸ್‌ಗೆ. ಅಧ್ಯಕ್ಷರೇ ಇದನ್ನು ಮೊದಲು ಹೇಳಿದ್ದು, ಅದಕ್ಕೆ ಅವರ ಮೇಲೆ ಗೌರವ ಇನ್ನೂ ಹೆಚ್ಚಾಯಿತು.

ಮಾರ್ಚ್, ಮೊದಲ ವಾರ

14ರಲ್ಲಿ 11 ಜನ ಬಸ್ ಹತ್ತಿದರು! ಒಬ್ಬರು ಶಿವಮೊಗ್ಗದ ಮಗಳ ಮನೆಗೆ ಹೋಗಿ ಅಲ್ಲೇ ಮಾಡಿಸಿಕೊಂಡಿದ್ದಾರೆ. ಇಬ್ಬರು ಇನ್ನೂ ಬೇಡ ಅನ್ನುತ್ತಿದ್ದಾರೆ. ಬಂದವರಲ್ಲಿ ಇಬ್ಬರಿಗೆ ಶುಗರ್ ಜಾಸ್ತಿ ಇತ್ತು, ಅದು ಹತೋಟಿಗೆ ಬರಲಿ ಅಂತ ವಾಪಸ್ ಕಳಿಸಿದರು. 9 ಜನಕ್ಕೆ ಆಪರೇಷನ್ ಆಯಿತು.

ಡ್ರಾಪ್ಸ್ ವಿಷಯ ಬರೆದಿಡಬೇಕು, ಬೇರೆ ಕ್ಲಬ್‌ನವರಿಗೂ ಉಪಯೋಗ ಆಗಬಹುದು. ಎರಡು ಬಾಟ್ಲಿ ಕೊಡುತ್ತಾರೆ, ಎರಡೂ ಒಂದೇ ತರ ಕಾಣುತ್ತವೆ, ಮೊದಲ ವಾರ ಜಾಸ್ತಿ ಸಲ ಹಾಕಿ ಆಮೇಲೆ ಇಳಿಸುತ್ತಾ ಬರಬೇಕು, ಒಂದು ಹಾಕಿ ಐದು ನಿಮಿಷ ಬಿಟ್ಟು ಇನ್ನೊಂದು. ಓದು ಬಾರದ ಮನೆಯಲ್ಲಿ ಇದು ತಪ್ಪಿಹೋಗುತ್ತದೆ. ಟೀಚರಮ್ಮ ಒಂದರ ಕುತ್ತಿಗೆಗೆ ಕೆಂಪು ದಾರ ಕಟ್ಟಿದರು, ಇನ್ನೊಂದಕ್ಕೆ ಬಿಳಿ. ಕ್ಯಾಲೆಂಡರ್‌ನಲ್ಲಿ ಪ್ರತಿ ದಿನದ ಮನೆಯಲ್ಲೂ ಎಷ್ಟು ಸಲ ಹಾಕಬೇಕೋ ಅಷ್ಟು ಕೆಂಪು ಚುಕ್ಕಿ, ಬಿಳಿ ದಾರದ ಬಾಟ್ಲಿಗೆ ನೀಲಿ ಚುಕ್ಕಿ. ಮೊದಲ ದಿನವೇ ಒಬ್ಬರು 'ನೀಲಿ ದಾರ ಎಲ್ಲಿ?' ಅಂತ ಕೇಳಿದ್ದರಿಂದ ಬಿಳಿ ದಾರ ಬಿಚ್ಚಿ ನೀಲಿ ಕಟ್ಟಿದೆವು.

ಮಾರ್ಚ್, ಹತ್ತು ದಿನ ಆದ ಮೇಲೆ

ಆ ಮೊರದ ಅಜ್ಜಿಯ ಮನೆಗೆ ಹೋಗಿದ್ದೆ. ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು, ಸಿಟ್ಟಿನಲ್ಲಿ. 'ಬಾ ನೋಡು' ಅಂತ ಒಳಗೆ ಕರೆದು ಮೇಲೆ ತೋರಿಸಿದರು. ಒಲೆಯ ಮೇಲಿನ ಹೆಂಚಿನ ಅಡಿ ಮಸಿ ಜೋತುಬಿದ್ದಿತ್ತು, ಎಳೆ ಎಳೆಯಾಗಿ. 'ಇಷ್ಟು ಮಸಿ ಹಿಡಿದೈತೆ, ಒಬ್ರೂ ನಂಗೆ ಹೇಳಿಲ್ವಲ್ಲ!' ಸೊಸೆ ಪೊರಕೆ ಬಚ್ಚಿಟ್ಟಿದ್ದಾಳೆ, ಧೂಳು ಕಣ್ಣಿಗೆ ಬೀಳಬಾರದು ಅಂತ. ಸೌದೆ ಒಲೆಯ ಮುಂದೆ ಕೂರುವ ಹಾಗೂ ಇಲ್ಲ. ಪಕ್ಕದ ಮನೆಯವರು ಅಡುಗೆ ಮಾಡಿಕೊಡುತ್ತಿದ್ದಾರೆ, ಅಕ್ಕಿ ಬೇಳೆ ಬೇಕರಿ ಅಣ್ಣನ ಮನೆಯಿಂದ. ಮಸಿ ನಾನೇ ಹೊಡೆದು ಕೊಡಲಾ ಅಂದೆ. 'ಬೇಡ, ಡ್ರಾಪ್ಸ್ ಮುಗೀಲಿ, ನಾನೇ ಹೊಡೀತೀನಿ' ಅಂದರು.

ಏಪ್ರಿಲ್

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ವಾರ ಆಗಿದೆ, ತೋಟವೆಲ್ಲ ಬೆಳ್ಳಗೆ, ದಾರಿಯುದ್ದಕ್ಕೂ ಘಮ್ಮೆನ್ನುತ್ತಿತ್ತು. ಆರು ವಾರದ ತಪಾಸಣೆಗೆ 9 ಜನವೂ ಬಂದರು. ಕನ್ನಡಕದ ನಂಬರ್ ಬರೆಸಿಕೊಂಡಿದ್ದೇವೆ. ನವೆಂಬರ್‌ನವರನ್ನೂ ಸೇರಿಸಿದರೆ ನಮ್ಮ ಬಸ್ಸಿನಲ್ಲಿ ಬಂದು ಆಪರೇಷನ್ ಆದವರು 18.

ಶುಗರ್ ಇದ್ದ ಇಬ್ಬರಲ್ಲಿ ಒಬ್ಬರದ್ದು ಇಳಿದಿದೆ, ಮುಂದಿನ ವಾರ ದಿನ ಕೊಟ್ಟಿದ್ದಾರೆ. ಬೇಡ ಅಂದಿದ್ದ ಇಬ್ಬರನ್ನು ಅಜ್ಜಿಯ ಮನೆಗೇ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಅಜ್ಜಿ ಇನ್ನೊಂದು ಕಣ್ಣಿಗೂ ತಾವಾಗಿಯೇ ದಿನ ಕೇಳಿದ್ದಾರೆ. ಮಳೆ ಹಿಡಿಯುವ ಮುಂಚೆ ಆಗಬೇಕಂತೆ, ಸೌದೆ ಒಟ್ಟುವುದಿದೆ.