ಕಿಂಗ್‌ಗೆ ತಣ್ಣೀರು, ವಾಲ್‌ಐಗೆ ನಿಧಾನ

ಅಮೆರಿಕದ ಲೇಕ್ ಮಿಶಿಗನ್‌ನಲ್ಲಿ ಕಿಂಗ್ ಸಾಲ್ಮನ್ ಹಿಡಿದು ಕೈ ಪಳಗಿದವರು ಅದೇ ದೋಣಿ, ಅದೇ ಸರಂಜಾಮು ಕಟ್ಟಿಕೊಂಡು ಲೇಕ್ ಈರಿಗೆ ಹೋಗಿ ಬರಿಗೈಲಿ ವಾಪಸಾಗುವುದು ಮಾಮೂಲಿ. ಈರಿಯವರು ಇತ್ತ ಬಂದರೂ ಅದೇ ಕಥೆ. ಎರಡು ಕಡೆಯೂ ದೋಣಿ ಓಡಿಸುತ್ತಲೇ ಗಾಳ ಎಳೆಯಬೇಕು. ಸಾಮ್ಯ ಅಲ್ಲಿಗೆ ಮುಗಿಯಿತು. ಕಿಂಗ್ ಬೇಕೆಂದರೆ ಮೊದಲು ತಣ್ಣೀರು ಯಾವ ಆಳದಲ್ಲಿದೆ ಎಂದು ಹುಡುಕಬೇಕು. ಈರಿಯ ವಾಲ್‌ಐ ಮೀನು ಬೇಕೆಂದರೆ ವೇಗ ಇಳಿಸಿ, ದಾರಗಳನ್ನು ದೋಣಿಯಿಂದ ದೂರ ಹರಡಬೇಕು.

ಕಿಂಗ್ ಅಥವಾ ಚಿನೂಕ್ ಈ ಸರೋವರಗಳ ಮೂಲನಿವಾಸಿಯಲ್ಲ. ಕಡಲಿನಿಂದ ನುಸುಳಿದ ಏಲ್‌ವೈಫ್ ಎಂಬ ಬೆಳ್ಳಿಬಣ್ಣದ ಚಿಕ್ಕ ಮೀನು ಮಿತಿಮೀರಿ ಹೆಚ್ಚಿ, ಸತ್ತು ದಡಕ್ಕೆ ರಾಶಿ ಬೀಳುತ್ತಿದ್ದ ಕಾಲದಲ್ಲಿ, ಅದನ್ನು ತಿನ್ನಲೆಂದೇ ಮಿಶಿಗನ್ ರಾಜ್ಯ 1966ರಲ್ಲಿ ಕೋಹೋ ಸಾಲ್ಮನ್, 1967ರಲ್ಲಿ ಚಿನೂಕ್ ಮರಿಗಳನ್ನು ಬಿಟ್ಟಿತು. ಇದು ಬರೀ ಇತಿಹಾಸವಲ್ಲ, ಗಾಳ ಹಾಕುವವನಿಗೂ ಬೇಕಾದ ಮಾಹಿತಿ. ಕಿಂಗ್ ಇವತ್ತಿಗೂ ಏಲ್‌ವೈಫ್ ಹಿಂಡಿನ ಬೆನ್ನು ಬಿಡುವುದಿಲ್ಲ. ಲೇಕ್ ಹ್ಯುರಾನ್‌ನಲ್ಲಿ 2003-04ರ ಸುಮಾರಿಗೆ ಏಲ್‌ವೈಫ್ ನೆಲಕಚ್ಚಿದಾಗ ಕಿಂಗ್ ಕೂಡ ಕುಸಿಯಿತು. ಅದೇ ಸರೋವರದ ಸ್ಯಾಗಿನಾ ಕೊಲ್ಲಿಯಲ್ಲಿ ವಾಲ್‌ಐ ಮಾತ್ರ ತುಂಬಿ ತುಳುಕಿತು. ಕಾರಣ, ಏಲ್‌ವೈಫ್ ವಾಲ್‌ಐ ಮರಿಗಳನ್ನೇ ತಿನ್ನುತ್ತದೆ. ಹಾಗಾಗಿ ಸೋನಾರ್ ಪರದೆಯ ಮೇಲೆ ಚಿಕ್ಕಮೀನಿನ ಮೋಡಗಳು ಕಾಣದ ಜಾಗದಲ್ಲಿ ಕಿಂಗ್‌ಗಾಗಿ ಗಂಟೆಗಟ್ಟಲೆ ಸುತ್ತಬೇಡಿ.

ಕಿಂಗ್ ಇಷ್ಟಪಡುವುದು ಸುಮಾರು 48ರಿಂದ 54 ಡಿಗ್ರಿ ಫ್ಯಾರನ್‌ಹೀಟ್ ನೀರು. ಜುಲೈ-ಆಗಸ್ಟ್‌ನಲ್ಲಿ ಮೇಲ್ಮೈ 70ರ ಹತ್ತಿರ ಇರುತ್ತದೆ. ಬಿಸಿನೀರು ಮುಗಿದು ತಣ್ಣೀರು ಶುರುವಾಗುವ ಪದರ ಒಂದು ದಿನ 40 ಅಡಿಯಲ್ಲಿದ್ದರೆ ಇನ್ನೊಂದು ದಿನ 90ಕ್ಕೆ ಇಳಿದಿರುತ್ತದೆ. ಇದನ್ನು ಆಡಿಸುವುದು ಗಾಳಿ. ಲಡಿಂಗ್ಟನ್, ಮ್ಯಾನಿಸ್ಟೀ, ಫ್ರ್ಯಾಂಕ್‌ಫರ್ಟ್ ಊರುಗಳಿರುವ ಲೇಕ್ ಮಿಶಿಗನ್‌ನ ಪೂರ್ವದಡದಲ್ಲಿ ಒಂದೆರಡು ದಿನ ಉತ್ತರದ ಗಾಳಿ ಬೀಸಿದರೆ ಬಿಸಿನೀರು ಒಳಸರೋವರಕ್ಕೆ ಸರಿದು, ಕೆಳಗಿನ ತಣ್ಣೀರು ದಡದ ಹತ್ತಿರ ಮೇಲೇಳುತ್ತದೆ. ಆಗ ದೂರ ಹೋಗುವ ಅಗತ್ಯವೇ ಇಲ್ಲ. ದಕ್ಷಿಣದ ಗಾಳಿಗೆ ಇದೇ ಆಟ ಎದುರಿನ ವಿಸ್ಕಾನ್ಸಿನ್ ದಡದಲ್ಲಿ ನಡೆಯುತ್ತದೆ. ಹೊರಡುವ ಮುನ್ನ ಇವತ್ತಿನ ಹವೆಗಿಂತ ಹಿಂದಿನ ಎರಡು ದಿನದ ಗಾಳಿ ನೋಡುವುದು ಹೆಚ್ಚು ಉಪಯೋಗ. ಅಲೆಯ ಮುನ್ಸೂಚನೆ ಬೇರೆ ವಿಚಾರ. ಅದನ್ನು ಜೀವಕ್ಕಾಗಿ ನೋಡಬೇಕು.

ಕಿಂಗ್‌ಗೆ ಎರಡು ಡೌನ್‌ರಿಗರ್ (ಕೇಬಲ್‌ಗೆ ಭಾರದ ಗುಂಡು ಕಟ್ಟಿ ಗಾಳವನ್ನು ಆಳಕ್ಕಿಳಿಸುವ ಸಾಧನ), ಎರಡು ಡಿಪ್ಸಿ ಡೈವರ್ (ದಾರವನ್ನು ಕೆಳಕ್ಕೂ ಪಕ್ಕಕ್ಕೂ ಎಳೆದೊಯ್ಯುವ ಬಿಲ್ಲೆ) ಇದ್ದರೆ ಶುರುಮಾಡಲು ಸಾಕು. ಒಳಗೆ ಸೀಸವಿರುವ ಲೆಡ್‌ಕೋರ್ ದಾರ, ತಾಮ್ರದ ದಾರ ಆಮೇಲೆ ನೋಡಿದರಾಯಿತು. ಮಿಶಿಗನ್‌ನಲ್ಲಿ ಒಬ್ಬರಿಗೆ ಮೂರು ರಾಡ್ ಬಿಡುತ್ತಾರೆ ಎಂದು ಮೊದಲ ದಿನವೇ ಎಲ್ಲವನ್ನೂ ನೀರಿಗಿಳಿಸಿದರೆ ಉಳಿದ ಹೊತ್ತೆಲ್ಲ ಸಿಕ್ಕು ಬಿಡಿಸುವುದರಲ್ಲೇ ಕಳೆಯುತ್ತದೆ.

ಡೌನ್‌ರಿಗರ್‌ಗೆ 12 ಪೌಂಡ್ ಗುಂಡು. ಗುಂಡಿನಿಂದ ಸ್ಪೂನ್ ಎಂಬ ಹೊಳೆಯುವ ಹುಸಿಮೀನಿನವರೆಗೆ 10ರಿಂದ 20 ಅಡಿ ದಾರ. 30 ಅಡಿಗಿಂತ ಕಡಿಮೆ ಆಳದಲ್ಲಿ ಓಡಿಸುವಾಗ ಮೀನು ದೋಣಿಗೆ ಬೆದರುವುದರಿಂದ ಇದನ್ನು 50 ಅಡಿಯವರೆಗೂ ಬಿಡಬಹುದು. ಕೌಂಟರ್ 100 ಅಡಿ ತೋರಿಸಿದರೆ ಗುಂಡು 100 ಅಡಿಯಲ್ಲಿದೆ ಎಂದು ನಂಬಬೇಡಿ. ನೀರಿನ ಒತ್ತಡಕ್ಕೆ ಕೇಬಲ್ ಹಿಂದಕ್ಕೆ ವಾಲಿ ಗುಂಡು ಅದಕ್ಕಿಂತ ಮೇಲೆ ತೇಲುತ್ತಿರುತ್ತದೆ.

ಡಿಪ್ಸಿಯ ತಳದ ಅಂಕಿ 1ಕ್ಕಿಟ್ಟರೆ ಹೆಚ್ಚು ಆಳಕ್ಕೆ, 3ಕ್ಕಿಟ್ಟರೆ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಡಿಪ್ಸಿಯಿಂದ ಮುಂದಿನ ದಾರ 6ರಿಂದ 8 ಅಡಿ ಮೀರಬಾರದು. ಡಿಪ್ಸಿ ರಾಡಿನ ತುದಿಗೆ ಬಂದು ನಿಂತ ಮೇಲೆ ಇನ್ನು ಸುತ್ತಲಾಗುವುದಿಲ್ಲ. ದಾರ ಉದ್ದವಾಗಿದ್ದರೆ ಮೀನು ಕೈಬಲೆಗೆ ಎಟುಕದ ದೂರದಲ್ಲಿ ಒದ್ದಾಡುತ್ತಿರುತ್ತದೆ. ಡಿಪ್ಸಿಯ ಬಿಡುಗಡೆಯ ಸ್ಕ್ರೂ ಸಡಿಲವಾದರೆ ಪ್ರತಿ ಅಲೆಗೂ ಕಳಚಿಕೊಳ್ಳುತ್ತದೆ, ಬಿಗಿಯಾದರೆ ಮೀನು ಕಚ್ಚಿದರೂ ಕಳಚುವುದಿಲ್ಲ. ಪೂರಾ ದಾರ ಬಿಟ್ಟ ಮೇಲೆ ರಾಡನ್ನು ಜೋರಾಗಿ ಒಮ್ಮೆ ಎಳೆದು ಪರೀಕ್ಷಿಸಿ.

ಬೆಳಕು ಹರಿಯುವ ಮುಂಚೆ ಕತ್ತಲಲ್ಲಿ ಮಿನುಗುವ ಗ್ಲೋ ಸ್ಪೂನ್ ಹಾಕಿ, ಟಾರ್ಚ್ ಹಿಡಿದು ಆಗಾಗ ಚಾರ್ಜ್ ಮಾಡುತ್ತಿರಿ. ಬಿಸಿಲೇರಿದ ಮೇಲೆ ಮೀನು ಆಳಕ್ಕಿಳಿಯುತ್ತದೆ. ಆಗ ನೀರಲ್ಲಿ ತಿರುಗುತ್ತ ಮಿನುಗುವ 8 ಇಂಚಿನ ಪ್ಯಾಡಲ್ ಮತ್ತು ಅದರ ಹಿಂದೆ ಎಳೆಗಳ ಗೊಂಚಲಿನ ಫ್ಲೈ. ಇವೆರಡರ ನಡುವೆ 20ರಿಂದ 24 ಇಂಚು, 50 ಪೌಂಡ್ ಭಾರ ತಡೆಯುವ ಗಡಸು ದಾರ. ಪ್ಯಾಡಲ್ ತಿರುಗುವಾಗ ಫ್ಲೈಯನ್ನು ಅತ್ತಿತ್ತ ಬೀಸಿ ಎಳೆಯಬೇಕು; ದಾರ ಉದ್ದವಾದಷ್ಟೂ ಆ ಎಳೆತ ಸಾಯುತ್ತದೆ. ಫ್ಲೈ ಒಳಗೆ ಮಣಿಗಳ ಸಂಖ್ಯೆ ಹೊಂದಿಸಿ ಗಾಳದ ಮುಳ್ಳನ್ನು ಎಳೆಗಳ ತುದಿಗೆ ತನ್ನಿ, ಇಲ್ಲವಾದರೆ ಮೀನು ಬಾಲವನ್ನಷ್ಟೇ ಕಚ್ಚಿ ಬಿಟ್ಟುಹೋಗುತ್ತದೆ.

ವೇಗದಲ್ಲೇ ಹೆಚ್ಚಿನವರು ಎಡವುವುದು. ಜಿಪಿಎಸ್ ತೋರಿಸುವುದು ದೋಣಿಯ ವೇಗ. 80 ಅಡಿ ಕೆಳಗಿನ ಸ್ಪೂನಿಗೆ ಅದರಿಂದ ಆಗಬೇಕಾದ್ದೇನಿಲ್ಲ. ಕೆಳಗಿನ ಪ್ರವಾಹ ಎದುರಿಗಿದ್ದರೆ ಸ್ಪೂನ್ ಗಿರಗಿರ ತಿರುಗುತ್ತದೆ, ಜೊತೆಗಿದ್ದರೆ ಸತ್ತಂತೆ ಜೋತುಬೀಳುತ್ತದೆ. ಗುಂಡಿನ ಹತ್ತಿರ ಗಂಟೆಗೆ 2.2ರಿಂದ 2.6 ಮೈಲಿ ಬೇಕು. ಆಳದ ವೇಗವನ್ನೂ ತಾಪವನ್ನೂ ಹೇಳುವ ಪ್ರೋಬ್ ದುಬಾರಿ, ಆದರೂ ಇನ್ನೊಂದು ಡಬ್ಬಿ ಸ್ಪೂನ್‌ಗಿಂತ ಮೊದಲು ಕೊಳ್ಳಬೇಕಾದ್ದು ಅದನ್ನೇ. ಪ್ರೋಬ್ ಇಲ್ಲವಾದರೆ ಕೇಬಲ್ ವಾಲುವ ಕೋನವನ್ನು ನೋಡಿಕೊಳ್ಳಿ, ಹಾವಿನ ನಡೆಯಂತೆ ದೋಣಿ ತಿರುಗಿಸುತ್ತಿರಿ. ತಿರುವಿನಲ್ಲಿ ಹೊರಗಿನ ರಾಡುಗಳು ವೇಗ ಪಡೆದು ಮೇಲೇಳುತ್ತವೆ, ಒಳಗಿನವು ನಿಧಾನಗೊಂಡು ಇಳಿಯುತ್ತವೆ. ಯಾವ ಕಡೆ ಕಚ್ಚಿತೋ ಅದೇ ನಿಮಗೆ ಉತ್ತರ.

ಬೇಸಿಗೆಯ ಇನ್ನೊಂದು ಪೀಡೆ, ಮುಳ್ಳುಬಾಲದ ನೀರುಚಿಗಟ ಎಂಬ ಸಣ್ಣ ಜಲಜೀವಿ. ದಾರದುದ್ದಕ್ಕೂ ಒದ್ದೆ ಹತ್ತಿಯ ಹಾಗೆ ಮೆತ್ತಿಕೊಂಡು, ದಾರ ತಿರುಚದಂತೆ ಹಾಕುವ ಸ್ವಿವೆಲ್ ಕೊಂಡಿಯ ಹತ್ತಿರ ಉಂಡೆಯಾಗಿ ರಾಡಿನ ತುದಿಯ ರಿಂಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ದೊಡ್ಡ ಮೀನು ದೋಣಿಯ ಹತ್ತಿರ ಬಂದಾಗಲೇ ಹೀಗೆ ರೀಲ್ ನಿಂತರೆ ದಾರ ಹರಿಯಿತೆಂದೇ ಲೆಕ್ಕ. ತೆಳು ದಾರಕ್ಕೆ ಇವು ಹೆಚ್ಚು ಅಂಟುತ್ತವೆ. ಡೌನ್‌ರಿಗರ್ ರಾಡಿಗೆ 20 ಪೌಂಡ್ ಬಿಟ್ಟು 30 ಪೌಂಡ್‌ನ ತಂಗೂಸು ಸುತ್ತಿ, 15-20 ನಿಮಿಷಕ್ಕೊಮ್ಮೆ ಎಳೆದು ಒರೆಸಿ.

ಕಿಂಗ್ ಕಚ್ಚಿದಾಗ ದೋಣಿ ನಿಲ್ಲಿಸಬೇಡಿ. ನಿಂತರೆ ದಾರ ಸಡಿಲವಾಗುತ್ತದೆ, ಉಳಿದ ಗುಂಡುಗಳ ದಾರಗಳೂ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಮೊದಲ ಓಟಕ್ಕೆ ಓಡಲು ಬಿಡಿ, ಸ್ಪೂಲಿಗೆ ಹೆಬ್ಬೆರಳು ಒತ್ತಬೇಡಿ. ಬಲೆಗೆ ಯಾವತ್ತೂ ತಲೆ ಮೊದಲು.

ಈಗ ಲೇಕ್ ಈರಿ. ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡಿಗರಿಗೆ ಮನ್ರೋ ಕಡೆಯ ದೋಣಿಕಟ್ಟೆಗಳು ಹತ್ತಿರ. ಆದರೆ ನೀರಿನ ಮೇಲೂ ರಾಜ್ಯದ ಗಡಿ ಇದೆ. ಮಿಶಿಗನ್ ಲೈಸೆನ್ಸ್ ಹಿಡಿದು ಒಹಾಯೊ ನೀರಿಗೆ ದಾಟಿದರೆ ದಂಡ ಖಂಡಿತ. ಪಶ್ಚಿಮದ ಭಾಗ ಬಹುತೇಕ 30 ಅಡಿ ಆಳವಷ್ಟೇ, ಹಾಗಾಗಿ ಡೌನ್‌ರಿಗರ್ ಮನೆಯಲ್ಲೇ ಇರಲಿ. ದೋಣಿ ಮೇಲೆ ಹಾದುಹೋದರೆ ಮೀನು ಪಕ್ಕಕ್ಕೆ ಸರಿಯುತ್ತದೆ. ಅದಕ್ಕೇ ದಾರವನ್ನು ದೂರಕ್ಕೆ ಕೊಂಡೊಯ್ಯುವ ಪ್ಲೇನರ್ ಬೋರ್ಡ್ ಇಲ್ಲಿ ಮುಖ್ಯ.

ತಿರುಗುವ ಬ್ಲೇಡ್, ಎರಡು ಮುಳ್ಳು ಇರುವ ಎರೆಹುಳದ ಹಾರ್ನೆಸ್‌ಗೆ ಗಂಟೆಗೆ 1.0ರಿಂದ 1.4 ಮೈಲಿ ವೇಗ. ದೊಡ್ಡ ಎರೆಹುಳದ ತಲೆಯನ್ನು ಮುಂದಿನ ಮುಳ್ಳಿಗೆ ಚುಚ್ಚಿ, ಎಳೆಯದೆ ನೆಟ್ಟಗೆ ಮಲಗಿಸಿ, ನಡುವಿಗೆ ಹಿಂದಿನ ಮುಳ್ಳು. ಹುಳ ಮಡಚಿಕೊಂಡರೆ ಗಿರಕಿ ಹೊಡೆದು ದಾರವೆಲ್ಲ ತಿರುಚಿಕೊಳ್ಳುತ್ತದೆ. ಇಳಿಸುವ ಮುನ್ನ ದೋಣಿಯ ಪಕ್ಕದಲ್ಲೇ ಹಿಡಿದು ನೋಡಿ: ಬ್ಲೇಡ್ ಸುತ್ತುತ್ತಿರಬೇಕು, ಹುಳ ಸುತ್ತಬಾರದು. ಆಳಕ್ಕಿಳಿಸಲು 50 ಅಡಿ ಬಿಟ್ಟು, ಒಂದರಿಂದ ಎರಡು ಔನ್ಸ್ ತೂಕವನ್ನು ದಾರಕ್ಕೆ ಕಚ್ಚಿಸಿ, ಮತ್ತೆ 50 ಅಡಿ ಬಿಟ್ಟು ಬೋರ್ಡ್ ಸಿಕ್ಕಿಸುವುದು ಸುಲಭದ ದಾರಿ. ನೀರು ಬೆಚ್ಚಗಾದ ಮೇಲೆ ಚಿಕ್ಕ ಸ್ಪೂನ್ ಹಾಕಿದರೆ 2 ಮೈಲಿಗೂ ಏರಿಸಬಹುದು.

ಕಿಂಗ್‌ನಂತೆ ರೀಲ್ ಕಿರುಚುತ್ತದೆ ಎಂದು ಕಾಯಬೇಡಿ. ವಾಲ್‌ಐ ಕಚ್ಚಿದಾಗ ಬೋರ್ಡ್ ಸಾಲಿನಿಂದ ಒಂದಿಷ್ಟು ಹಿಂದೆ ಬೀಳುತ್ತದೆ, ಅಷ್ಟೇ. ಮರಿ ಮೀನು ಸಿಕ್ಕರೆ ಅದೂ ಗೊತ್ತಾಗುವುದಿಲ್ಲ. ಅದನ್ನೇ ಅರ್ಧ ಗಂಟೆ ಎಳೆದಾಡಿಕೊಂಡು ಮೀನಿಲ್ಲ ಎಂದು ಜಾಗ ಬದಲಿಸುವವರಿದ್ದಾರೆ. ಬೋರ್ಡಿಗೆ ಸಣ್ಣ ಎಳೆತಕ್ಕೂ ಬಾಗುವ ಸ್ಪ್ರಿಂಗ್ ಬಾವುಟ ಹಾಕಿಸಿಕೊಳ್ಳಿ.

ಹಿಡಿದ ಕೂಡಲೇ ಕಿವಿರು ಕತ್ತರಿಸಿ ರಕ್ತ ಹರಿಸಿ ಐಸಿಗೆ ಹಾಕಿ. ವಾಲ್‌ಐ ಬಿಳಿ ಮಾಂಸ, ಕೊಬ್ಬು ಕಡಿಮೆ, ರವಾ ಫ್ರೈಗೆ ಹೇಳಿಮಾಡಿಸಿದ್ದು. ಕಿಂಗ್‌ನ ಕೊಬ್ಬಿನಲ್ಲಿ ಪಿಸಿಬಿಯಂಥ ವಿಷಕಾರಿ ಕೈಗಾರಿಕಾ ರಾಸಾಯನಿಕಗಳು ಶೇಖರವಾಗಿರುತ್ತವೆ, ಅದಕ್ಕೇ ಚರ್ಮ, ಹೊಟ್ಟೆಯ ಅಂಚು, ಬೆನ್ನಿನುದ್ದದ ಕೊಬ್ಬು, ಪಕ್ಕೆಯುದ್ದದ ಕಂದು ಗೆರೆ ತೆಗೆದು, ಕೊಬ್ಬು ಬಸಿದುಹೋಗುವಂತೆ ಗ್ರಿಲ್ ಮಾಡಿ. ಸಾರು ಮಾಡಿದರೆ ಆ ಕೊಬ್ಬು ಸಾರಿನಲ್ಲೇ ಉಳಿಯುತ್ತದೆ. ಗರ್ಭಿಣಿಯರು, ಮಕ್ಕಳು ಎಷ್ಟು ತಿನ್ನಬಹುದು ಎಂಬುದನ್ನು ಸರೋವರವಾರು, ಮೀನುವಾರು ರಾಜ್ಯ ಆರೋಗ್ಯ ಇಲಾಖೆ ಪಟ್ಟಿ ಮಾಡಿದೆ; ಕತ್ತರಿಸುವ ಮುನ್ನ ನೋಡಿಕೊಳ್ಳಿ.